ಟವೆಲ್ ಹಾಕಿ ಹಿಡಿಯಲಾಗದ ಸೀಟು

ಹಿರೇಕೆರೂರು ಬಸ್ ನಿಲ್ದಾಣದಲ್ಲಿ ಬೆಳಗಿನ ಹುಬ್ಬಳ್ಳಿ ಬಸ್ಸು ಇನ್ನೂ ಹಿಂದಕ್ಕೆ ಸರಿದು ನಿಲ್ಲುತ್ತಿರುವಾಗಲೇ ಕಿಟಕಿಗಳಿಗೆ ಕೈಗಳು ಏಳುತ್ತವೆ. ಟವೆಲ್ಲು, ಕರವಸ್ತ್ರ, ಸಂತೆಯ ಚೀಲ, ಕೆಲವು ಸಲ ಎತ್ತಿ ಒಳಗೆ ಇಳಿಬಿಟ್ಟ ಸಣ್ಣ ಹುಡುಗ. ಸೀಟಿನ ಮೇಲೆ ಬಿದ್ದ ಟವೆಲ್ಲಿಗೆ ಇಡೀ ಬಸ್ಸು ಬೆಲೆ ಕೊಡುತ್ತದೆ. ಗೊತ್ತಿಲ್ಲದವರು ಯಾರಾದರೂ ಕೂರಲು ಹೋದರೆ ಪಕ್ಕದವರೇ ಹೇಳುತ್ತಾರೆ: “ಮಂದಿ ಅದಾರ್ರಿ, ಹತ್ತಾಕತ್ಯಾರ.” ಅಜ್ಜಿ ಕಿಟಕಿಗೆ, ಪಕ್ಕದಲ್ಲಿ ಸೊಸೆ, ಸೊಸೆಯ ತೊಡೆಯ ಮೇಲೆ ಕೂಸು. ಒಂದು ಮನೆಯವರು ಒಂದು ಕಡೆ ಕೂರಲಿ ಎಂಬುದಕ್ಕೆ ನಮ್ಮಲ್ಲಿ ಬರೆದ ಕಾಯಿದೆ ಇಲ್ಲ, ಆದರೆ ಅದನ್ನು ಮುರಿಯುವವರೂ ಕಡಿಮೆ. ನಮ್ಮದು ರೈಲು ಹಳಿ ಇಲ್ಲದ ತಾಲ್ಲೂಕು. ರೈಲು ಬೇಕೆಂದರೆ ಹಾವೇರಿಗೋ ಬ್ಯಾಡಗಿಗೋ ರಾಣೆಬೆನ್ನೂರಿಗೋ ಹೋಗಬೇಕು. ಹಾಗಾಗಿ ನಮಗೆ ಪ್ರಯಾಣ ಎಂದರೆ ಬಸ್ಸು, ಬಸ್ಸು ಎಂದರೆ ಟವೆಲ್ಲು.

ಈಗ ಅದೇ ಮಂದಿ ವಿಮಾನ ಹತ್ತುತ್ತಿದ್ದಾರೆ. ಒಂದು ಕಡೆ ಹುಬ್ಬಳ್ಳಿಯ ನಿಲ್ದಾಣ, ಇನ್ನೊಂದು ಕಡೆ ಶಿಕಾರಿಪುರದ ಮೇಲೆ ಹೋದರೆ ಶಿವಮೊಗ್ಗ. ಅಲ್ಲಿನ ಸೋಗಾನೆಯ ನಿಲ್ದಾಣ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಗಿ, ಅದೇ ವರ್ಷದ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ವಿಮಾನ ಬಂದಿಳಿಯಿತು. ಮಗ ಪುಣೆಯಲ್ಲಿದ್ದಾನೆ, ಮಗಳು ಬಾಣಂತನಕ್ಕೆ ಅಮೆರಿಕಕ್ಕೆ ಕರೆದಿದ್ದಾಳೆ, ಅವ್ವನಿಗೆ ಕಾಶಿ ನೋಡುವ ಆಸೆ ಇದೆ. ಮಾಸೂರಿನಿಂದ, ಅಬ್ಬಲೂರಿನಿಂದ, ರಟ್ಟೀಹಳ್ಳಿಯಿಂದ ಹೊರಟವರು ಜೀವಮಾನದಲ್ಲಿ ಮೊದಲ ಸಲ ಬೋರ್ಡಿಂಗ್ ಪಾಸ್ ಹಿಡಿದು ನಿಲ್ಲುತ್ತಿದ್ದಾರೆ. ಆ ಚೀಟಿಯ ಮೇಲಿನ ಅಕ್ಷರ ಅವರಿಗೆ ಓದಲು ಬರುವುದಿಲ್ಲ. ಓದಿ ಹೇಳುವವನು ಪಕ್ಕದಲ್ಲಿರುತ್ತಾನೆ ಎಂಬ ಧೈರ್ಯದಿಂದಲೇ ಅವರು ಹೊರಟಿರುತ್ತಾರೆ.

ಆ ಓದಿ ಹೇಳುವವನು ನಾನಾಗಿದ್ದೆ. ಹನ್ನೊಂದು ಜನ ಬೆಂಗಳೂರಿನಿಂದ ವಾರಾಣಸಿಗೆ ಹೊರಟಿದ್ದೆವು. ಟಿಕೆಟ್ ಎರಡಾಗಿ ಬಂದಿತ್ತು, ಒಂದರಲ್ಲಿ ಒಂಬತ್ತು ಹೆಸರು, ಇನ್ನೊಂದರಲ್ಲಿ ಎರಡು. ಅದು ಯಾಕೆ ಹಾಗೆ ಎಂದು ನಾನು ಕೇಳಲಿಲ್ಲ. ಆಧಾರ್ ಕಾರ್ಡುಗಳ ಕಟ್ಟಿನಲ್ಲಿ ಕೊನೆಗಿದ್ದವರು ನನ್ನ ಚಿಗವ್ವ ಮತ್ತು ಅವಳ ಮೊಮ್ಮಗ. ಕೌಂಟರಿನಲ್ಲಿ ಒಂಬತ್ತು ಜನರಿಗೆ ಇಪ್ಪತ್ತೊಂದನೆಯ ಸಾಲಿನ ಆಚೀಚೆ ಸೀಟು ಸಿಕ್ಕಿತು. ಚಿಗವ್ವನಿಗೆ ನಾಲ್ಕನೆಯ ಸಾಲು, ಹುಡುಗನಿಗೆ ಇಪ್ಪತ್ತೊಂಬತ್ತು. “ವಿಮಾನ ತುಂಬಿದೆ ಸರ್, ಒಳಗೆ ಹೋಗಿ ಅಡ್ಜಸ್ಟ್ ಮಾಡಿಕೊಳ್ಳಿ” ಅಂದರು. ವಿಮಾನದ ಬಳಿಗೆ ಬಸ್ಸಿನಲ್ಲಿ ಹೋದೆವು. ಮುಂದಿನ ಸಾಲಿನವರು ಮುಂದಿನ ಏಣಿಗೆ, ಹಿಂದಿನವರು ಹಿಂದಿನ ಏಣಿಗೆ ಎಂದು ಅಲ್ಲೇ ನಿಂತು ವಿಂಗಡಿಸಿದರು. ಚಿಗವ್ವನ ಚೀಟಿ ನೋಡಿದ ಸಿಬ್ಬಂದಿ ಅವಳ ತೋಳು ಹಿಡಿದು ಮುಂದಕ್ಕೆ ಕರೆದೊಯ್ದರು, ಒಳ್ಳೆಯ ಮನಸ್ಸಿನಿಂದಲೇ. ನಾವು ಹಿಂದಿನ ಬಾಗಿಲಿನಿಂದ ಹತ್ತಿದೆವು. ನಡುವೆ ದಾರಿಯ ತುಂಬ ಜನ, ತಲೆಯ ಮೇಲೆ ಪೆಟ್ಟಿಗೆ ಏರಿಸುವವರು. ಆಮೇಲೆ ಬೆಲ್ಟ್ ಹಾಕಿ ಕೂರಬೇಕೆಂಬ ದೀಪ ಹೊತ್ತಿಕೊಂಡಿತು.

ದೀಪ ಆರಿ ನಾನು ನಾಲ್ಕನೆಯ ಸಾಲಿಗೆ ಹೋಗುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಇಬ್ಬರು ಗಂಡಸರ ನಡುವೆ ಸೆರಗನ್ನು ಎರಡೂ ಕೈಯಲ್ಲಿ ಮುದ್ದೆ ಮಾಡಿ ಹಿಡಿದು ಕುಳಿತಿದ್ದಳು. ನನ್ನ ಮುಖ ನೋಡಿದೊಡನೆ ಅವಳ ಕಣ್ಣು ತುಂಬಿತು. “ನೀವು ಇದರಾಗ ಹತ್ತೀರೋ ಇಲ್ಲೋ ನನಗ ಗೊತ್ತಾಗಲಿಲ್ಲ ತಮ್ಮಾ. ಯಾರನ್ನ ಕೇಳಲಿ? ನನಗ ಅವರ ಭಾಷಾ ಬರಂಗಿಲ್ಲ” ಅಂದಳು. ಅಷ್ಟೂ ಹೊತ್ತು ತಾನೊಬ್ಬಳೇ ಎಲ್ಲಿಗೋ ಹೋಗುತ್ತಿದ್ದೇನೆ ಎಂದು ನಂಬಿ ಕುಳಿತಿದ್ದ ಹೆಂಗಸು ಅವಳು. ವಿಷಯ ಅರ್ಥವಾಗುತ್ತಲೇ ಪಕ್ಕದ ಯುವಕ ಎದ್ದು ನನಗೆ ಸೀಟು ಬಿಟ್ಟುಕೊಟ್ಟ. ಬಸ್ಸಿನ ಮರ್ಯಾದೆ ವಿಮಾನದಲ್ಲೂ ಬದುಕಿದೆ. ಆದರೆ ಅದು ಕೆಲಸ ಮಾಡಿದ್ದು ಮುದುಕಿಯೊಬ್ಬಳು ನಲವತ್ತು ನಿಮಿಷ ಹೆದರಿದ ಮೇಲೆ.

ಊರಿಗೆ ಬಂದ ಮೇಲೆ ಹೀಗೆ ಯಾಕಾಯಿತು ಎಂದು ಹುಡುಕಿಕೊಂಡು ಹೋದೆ. ಕಾರಣಗಳು ಒಂದಲ್ಲ, ಆದರೆ ಬಹುತೇಕ ಎಲ್ಲವೂ ಆರು ಅಕ್ಷರಗಳ ಒಂದು ಗುರುತಿಗೆ ಬಂದು ಸೇರುತ್ತವೆ. ಅದಕ್ಕೆ ಪಿಎನ್‌ಆರ್ ಎನ್ನುತ್ತಾರೆ. ಟಿಕೆಟ್ ಮಾಡಿದಾಗ ವಿಮಾನ ಸಂಸ್ಥೆಯ ಕಂಪ್ಯೂಟರಿನಲ್ಲಿ ಹುಟ್ಟುವ ದಾಖಲೆಯ ಸಂಖ್ಯೆ ಅದು. ಆ ದಾಖಲೆಯೊಳಗೆ ಇರುವ ಹೆಸರುಗಳೆಲ್ಲ ಒಂದು ಕುಟುಂಬ. ಹೊರಗಿದ್ದವನು ಸ್ವಂತ ಮಗನಾದರೂ ಕಂಪ್ಯೂಟರಿಗೆ ಅವನು ದಾರಿಹೋಕ. ನಾವು ಹನ್ನೊಂದು ಜನ ಒಂದೇ ಟೆಂಪೊದಲ್ಲಿ ಬಂದು, ಒಂದೇ ಬುತ್ತಿ ಬಿಚ್ಚಿ ರೊಟ್ಟಿ ತಿಂದು, ಒಂದೇ ಸಾಲಿನಲ್ಲಿ ನಿಂತಿದ್ದೆವು. ಕೌಂಟರಿನ ಆಚೆಗಿನ ಪರದೆಯಲ್ಲಿ ನಾವು ಒಬ್ಬರಿಗೊಬ್ಬರು ಸಂಬಂಧವಿಲ್ಲದ ಎರಡು ಗುಂಪು.

ಈ ವ್ಯವಸ್ಥೆ ಹುಟ್ಟಿದ ಕಥೆ ಕೇಳಿದರೆ ಮನಸ್ಸಿಗೆ ತಟ್ಟುತ್ತದೆ. 1953ರಲ್ಲಿ ಲಾಸ್ ಏಂಜಲೀಸಿನಿಂದ ನ್ಯೂಯಾರ್ಕಿಗೆ ಹೊರಟಿದ್ದ ಅಮೆರಿಕನ್ ಏರ್‌ಲೈನ್ಸ್ ವಿಮಾನದಲ್ಲಿ ಇಬ್ಬರು ಅಕ್ಕಪಕ್ಕ ಕುಳಿತಿದ್ದರು. ಒಬ್ಬರು ಅದೇ ಸಂಸ್ಥೆಯ ಅಧ್ಯಕ್ಷ ಸಿ.ಆರ್. ಸ್ಮಿತ್, ಇನ್ನೊಬ್ಬರು ಐಬಿಎಂ ಕಂಪನಿಯ ಮಾರಾಟಗಾರ ಬ್ಲೇರ್ ಸ್ಮಿತ್. ಅಡ್ಡಹೆಸರು ಒಂದೇ ಎಂದು ಮಾತು ಶುರುವಾಯಿತು. ಸೀಟುಗಳ ಲೆಕ್ಕವನ್ನು ಕಾರ್ಡುಗಳಲ್ಲಿ ಬರೆದಿಡುವ ಬದಲು ಕಂಪ್ಯೂಟರಿಗೆ ಕೊಟ್ಟರೆ ಹೇಗೆ ಎಂಬ ಮಾತು ಅಲ್ಲಿ ಬಂತು. ಅದು ಬೆಳೆದು 1960ರ ದಶಕದಲ್ಲಿ ಸೇಬರ್ ಎಂಬ ಬುಕಿಂಗ್ ವ್ಯವಸ್ಥೆಯಾಯಿತು. ಇವತ್ತಿನ ಪಿಎನ್‌ಆರ್ ಆ ಕಾಲದ ಕೂಸು. ಇಬ್ಬರು ಪಕ್ಕಪಕ್ಕ ಕುಳಿತದ್ದರಿಂದ ಹುಟ್ಟಿದ ಯಂತ್ರಕ್ಕೆ ಯಾರು ಯಾರ ಪಕ್ಕ ಕೂರಬೇಕು ಎಂಬುದನ್ನು ಮಾತ್ರ ಯಾರೂ ಸರಿಯಾಗಿ ಕಲಿಸಲಿಲ್ಲ.

ಒಂದು ಮನೆಯವರ ಟಿಕೆಟ್ ಎರಡು ಪಿಎನ್‌ಆರ್‌ಗೆ ಹಂಚಿಹೋಗುವುದು ಹೇಗೆ? ಮೊದಲನೆಯದು ಲೆಕ್ಕದ ಮಿತಿ. ಸಾಮಾನ್ಯ ಬುಕಿಂಗಿನಲ್ಲಿ ಒಂದು ದಾಖಲೆಗೆ ಒಂಬತ್ತು ಜನ ಮಾತ್ರ. ಒಂಬತ್ತು ದಾಟಿದರೆ ಅದು ಗುಂಪು ಬುಕಿಂಗ್, ಅದರ ದರ ಬೇರೆ, ಮುಂಗಡ ಬೇರೆ, ನಿಯಮ ಬೇರೆ. ಅಷ್ಟೆಲ್ಲ ಯಾಕೆ ಎಂದು ಏಜೆಂಟರು ಒಂಬತ್ತು ಮತ್ತು ಎರಡು ಎಂದು ಒಡೆಯುತ್ತಾರೆ. ನಮ್ಮ ವಿಷಯದಲ್ಲಿ ಆದದ್ದು ಇದು.

ಎರಡನೆಯದು ದುಡ್ಡಿನ ವಿಷಯ, ಮತ್ತು ಇದು ಬಹಳ ಮಂದಿಗೆ ಗೊತ್ತಿಲ್ಲ. ವಿಮಾನದ ಎಲ್ಲ ಸೀಟಿಗೂ ಒಂದೇ ದರ ಇರುವುದಿಲ್ಲ. ಒಂದೇ ತರಹದ ಸೀಟುಗಳನ್ನು ಹಲವು ದರಗಳ ಬುಟ್ಟಿಗಳಲ್ಲಿ ಹಾಕಿಟ್ಟಿರುತ್ತಾರೆ, ಅಗ್ಗದ ಬುಟ್ಟಿ ಖಾಲಿಯಾದ ಮೇಲೆ ಮುಂದಿನ ಬುಟ್ಟಿ ತೆರೆಯುತ್ತದೆ. ಅಗ್ಗದ ಬುಟ್ಟಿಯಲ್ಲಿ ನಾಲ್ಕೇ ಸೀಟು ಉಳಿದಿವೆ, ನೀವು ಆರು ಕೇಳುತ್ತೀರಿ ಎಂದುಕೊಳ್ಳಿ. ಸಾಮಾನ್ಯವಾಗಿ ಕಂಪ್ಯೂಟರು ನಾಲ್ಕನ್ನು ಅಗ್ಗದ ದರಕ್ಕೆ ಕೊಟ್ಟು ಎರಡಕ್ಕೆ ಮಾತ್ರ ಹೆಚ್ಚು ಕೇಳುವುದಿಲ್ಲ, ಆರಕ್ಕೂ ಹೆಚ್ಚಿನ ದರ ಹೇಳುತ್ತದೆ. ಬಲ್ಲ ಏಜೆಂಟ್ ನಾಲ್ಕು ಒಂದು ಸಲ, ಎರಡು ಇನ್ನೊಂದು ಸಲ ಮಾಡುತ್ತಾನೆ. ನಿಮಗೆ ಒಂದಿಷ್ಟು ಸಾವಿರ ಉಳಿಯುತ್ತದೆ. ಅವನು ಮಾಡಿದ್ದು ನಿಮ್ಮ ಒಳ್ಳೆಯದಕ್ಕೇ. ಆದರೆ ಉಳಿದ ಆ ಹಣಕ್ಕೆ ಬದಲಾಗಿ ನಿಮ್ಮ ಕುಟುಂಬ ಎರಡಾಗಿದೆ ಎಂದು ಹೇಳುವುದನ್ನು ಅವನು ಮರೆತಿರುತ್ತಾನೆ.

ಅಲ್ಲಿಂದ ಮುಂದೆ ಎಲ್ಲ ಹಂತದಲ್ಲೂ ಆ ಗೆರೆ ಅಗಲವಾಗುತ್ತ ಹೋಗುತ್ತದೆ. ಮೊಬೈಲಿನಲ್ಲಿ ಚೆಕ್-ಇನ್ ಮಾಡುವಾಗ ಒಂದು ಪಿಎನ್‌ಆರ್‌ಗೆ ಮಾಡಿ ಇನ್ನೊಂದಕ್ಕೆ ಮರೆತರೆ, ಅಥವಾ ಮರುದಿನ ಮಾಡಿದರೆ, ಅಷ್ಟರಲ್ಲಿ ಪಕ್ಕದ ಸೀಟುಗಳು ಹೋಗಿರುತ್ತವೆ. 2020ರ ಮೇ 25ರಂದು ಲಾಕ್‌ಡೌನ್ ನಂತರ ವಿಮಾನಗಳು ಮತ್ತೆ ಹಾರಿದಾಗ ಆನ್‌ಲೈನ್ ಚೆಕ್-ಇನ್ ಕಡ್ಡಾಯವಾಗಿತ್ತು. ಆಮೇಲೆ ಕೆಲವು ಸಂಸ್ಥೆಗಳು ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೇಳಿದರೆ ಇನ್ನೂರು ರೂಪಾಯಿ ಹಾಕತೊಡಗಿದವು. 2022ರ ಜುಲೈನಲ್ಲಿ ಕೇಂದ್ರ ವಿಮಾನಯಾನ ಸಚಿವಾಲಯ ಆ ವಸೂಲಿ ತಪ್ಪು ಎಂದು ಹೇಳಿತು. ಆದರೆ ಅಷ್ಟರೊಳಗೆ ಕೌಂಟರಿನ ಮನುಷ್ಯನ ಜೊತೆ ಮಾತಾಡಿ ಸೀಟು ಹೊಂದಿಸಿಕೊಳ್ಳುವ ಅಭ್ಯಾಸವೇ ತಪ್ಪಿಹೋಗಿತ್ತು. ವಿಮಾನ ಹಾರುವ ಒಂದು ಗಂಟೆ ಮೊದಲು ಕೌಂಟರ್ ಮುಚ್ಚುವುದು ಈಗ ಸಾಮಾನ್ಯ. ದೂರದ ಊರಿನಿಂದ ತಡವಾಗಿ ಬಂದವರಿಗೆ ಉಳಿದ ಬಿಡಿ ಸೀಟುಗಳೇ ಗತಿ.

ಪಕ್ಕದ ಸೀಟಿಗೆ ಬೆಲೆ ಕಟ್ಟಿ ಮಾರುವುದು ಈಗ ಜಗತ್ತಿನ ಎಲ್ಲ ಕಡೆಯೂ ಇದೆ. ಹಣ ಕೊಡದವರನ್ನು ಬೇಕೆಂದೇ ಬೇರೆ ಮಾಡುತ್ತಾರೆಯೇ ಎಂಬ ಪ್ರಶ್ನೆ ಬ್ರಿಟನ್ನಿನಲ್ಲಿ ಜೋರಾಗಿ ಎದ್ದಿತ್ತು. 2017ರಲ್ಲಿ ಬಿಬಿಸಿಯ ‘ವಾಚ್‌ಡಾಗ್’ ಕಾರ್ಯಕ್ರಮ ನಾಲ್ಕು ಜನರ ಗುಂಪುಗಳನ್ನು ರಯನ್‌ಏರ್ ಸಂಸ್ಥೆಯ ನಾಲ್ಕು ವಿಮಾನಗಳಲ್ಲಿ ಕಳಿಸಿತು. ಹಣ ಕೊಟ್ಟು ಸೀಟು ಆರಿಸದ ಅವರಲ್ಲಿ ಪ್ರತಿಯೊಬ್ಬರಿಗೂ ನಡುವಿನ ಸೀಟೇ ಬಂತು. ಇದು ಕೇವಲ ಆಕಸ್ಮಿಕವಾಗಿ ಆಗುವ ಸಾಧ್ಯತೆ ಸುಮಾರು 54 ಕೋಟಿಯಲ್ಲಿ ಒಂದು ಎಂದು ಆಕ್ಸ್‌ಫರ್ಡಿನ ಸಂಖ್ಯಾಶಾಸ್ತ್ರಜ್ಞೆ ಜೆನ್ನಿಫರ್ ರೋಜರ್ಸ್ ಲೆಕ್ಕ ಹಾಕಿದರು. ಸೀಟು ಹಂಚಿಕೆ ಯಾದೃಚ್ಛಿಕವೇ, ನಮ್ಮ ನೀತಿ ಬದಲಾಗಿಲ್ಲ ಎಂದು ಸಂಸ್ಥೆ ಹೇಳಿತು. ಮರುವರ್ಷ ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರದ ಸಮೀಕ್ಷೆಯಲ್ಲಿ ಗುಂಪಿನಿಂದ ಬೇರೆಯಾಗುವ ಸಂಭವ ಹೆಚ್ಚು ಇರುವುದು ಅದೇ ಸಂಸ್ಥೆಯಲ್ಲಿ, ಶೇ 35 ಎಂದು ಬಂತು. ಯಾರು ಏನೇ ಹೇಳಲಿ, ಒಟ್ಟಿಗೆ ಕೂರುವುದು ಮಾರುವ ಸರಕಾದ ಮೇಲೆ ಅದನ್ನು ಪುಕ್ಕಟೆ ಕೊಡುವ ಉತ್ಸಾಹ ಯಾರಿಗೂ ಉಳಿಯುವುದಿಲ್ಲ ಎಂಬುದು ನನ್ನ ತಿಳಿವಳಿಕೆ.

ನಮ್ಮಲ್ಲಿ ಅಗ್ಗದ ವಿಮಾನ ತಂದ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರಲ್ಲಿ ಶುರುವಾದಾಗ ಸೀಟಿನ ನಂಬರೇ ಇರಲಿಲ್ಲ. ಮೊದಲು ಹತ್ತಿದವರಿಗೆ ಬೇಕಾದ ಸೀಟು. ಜನ ಓಡುತ್ತಿದ್ದರು, ನೂಕಾಡುತ್ತಿದ್ದರು ಎಂದು ಆಗ ದೂರುಗಳಿದ್ದವು. ಆದರೆ ಓಡಿ ಹೋದವನು ಹಿಂದೆ ಬರುವ ತಾಯಿಗೂ ಒಂದು ಜಾಗ ಹಿಡಿಯಬಹುದಿತ್ತು.

ಹೆಸರಿನ ಗೊಂದಲ ಇನ್ನೊಂದು ಬಗೆಯದು. ವಿಮಾನದ ಅರ್ಜಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಮನೆ ಇಟ್ಟುಕೊಂಡಿದೆ. ನಮ್ಮ ಕಡೆಯವರಿಗೆ ಸ್ವಂತ ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆತನದ ಅಡ್ಡಹೆಸರು ಎಂದು ಮೂರು ಇರುತ್ತವೆ, ಇಲ್ಲವೇ ಹಳೆಯ ಹೆಣ್ಣುಮಕ್ಕಳಿಗೆ ಒಂದೇ ಒಂದು. ಆಧಾರ್ ಕಾರ್ಡಿನಲ್ಲಿ ಬಸವ್ವ, ಪಡಿತರ ಚೀಟಿಯಲ್ಲಿ ಬಸಮ್ಮ. ಇದರ ಜೊತೆಗೆ ಬೋರ್ಡಿಂಗ್ ಪಾಸಿನ ಬಾರ್‌ಕೋಡಿನಲ್ಲಿ ಹೆಸರಿಗೆ ಇರುವ ಜಾಗ ಇಂಗ್ಲಿಷಿನ ಇಪ್ಪತ್ತು ಅಕ್ಷರ ಮಾತ್ರ. ಬಸವನಗೌಡ ರುದ್ರಗೌಡ ಪಾಟೀಲ, ಬಸವನಗೌಡ ರಾಮನಗೌಡ ಪಾಟೀಲ ಎಂಬ ಇಬ್ಬರು ಅಣ್ಣತಮ್ಮಂದಿರ ಮಕ್ಕಳು ಒಟ್ಟಿಗೆ ಹೊರಟಿದ್ದಾರೆ ಎಂದು ಉದಾಹರಣೆಗೆ ಊಹಿಸಿಕೊಳ್ಳಿ. ಅಡ್ಡಹೆಸರು ಮೊದಲು ಬಂದು, ಆಮೇಲೆ ಬಸವನಗೌಡ ಎಂದು ಮುಗಿಯುವಷ್ಟರಲ್ಲಿ, ನಡುವಿನ ಓರೆಗೆರೆಯೂ ಸೇರಿ, ಹತ್ತೊಂಬತ್ತು ಅಕ್ಷರದ ಜಾಗ ಖರ್ಚಾಗಿರುತ್ತದೆ. ಉಳಿದ ಒಂದಕ್ಕೆ ಬಂದರೆ ‘ಆರ್’ ಬರಬೇಕು, ಅದೂ ಇಬ್ಬರಿಗೂ ಒಂದೇ. ಪಿಎನ್‌ಆರ್, ಸೀಟಿನ ನಂಬರು, ಕ್ರಮಸಂಖ್ಯೆ ಬೇರೆ ಇರುವುದರಿಂದ ಯಂತ್ರ ಮೋಸ ಹೋಗುವುದಿಲ್ಲ. ಅವಸರದಲ್ಲಿ ಚೀಟಿ ಹಂಚುವ ಕೈ, ಅವಸರದಲ್ಲಿ ಹೆಸರು ಓದುವ ಕಣ್ಣು ಮೋಸ ಹೋಗುತ್ತವೆ. ಒಬ್ಬರ ಪಾಸು ಇನ್ನೊಬ್ಬರ ಕೈಗೆ ಹೋಗಿ, ಭದ್ರತಾ ತಪಾಸಣೆಯಲ್ಲಿ ಆಧಾರ್ ಕಾರ್ಡಿಗೆ ಹೊಂದದೆ, ಒಬ್ಬರು ಒಳಗೆ, ಒಬ್ಬರು ಹೊರಗೆ ಆಗುವುದು ಹೀಗೆ. ಹೊರದೇಶಕ್ಕೆ ಹೋಗುವಾಗ ಒಂಟಿ ಹೆಸರೇ ತಡೆಯಾಗಬಹುದು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದು ಅರಬ್ ಸಂಯುಕ್ತ ಸಂಸ್ಥಾನ 2022ರ ನವೆಂಬರಿನಲ್ಲಿ ಹೇಳಿ, ಕೆಲವೇ ದಿನಗಳಲ್ಲಿ ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕು ಎಂದು ಸಡಿಲಿಸಿತು. ಮಗನಿಗೆ ಎರಡು ಹೆಸರು, ತಾಯಿಗೆ ಒಂದೇ ಹೆಸರು ಇರುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ.

ಹೊಸ ಸೌಕರ್ಯಗಳೂ ತಮಗೆ ಗೊತ್ತಿಲ್ಲದಂತೆ ಜನರನ್ನು ಬೇರೆ ಮಾಡುತ್ತವೆ. 2022ರ ಡಿಸೆಂಬರ್ 1ರಿಂದ ಬೆಂಗಳೂರು, ದೆಹಲಿ, ವಾರಾಣಸಿ ನಿಲ್ದಾಣಗಳಲ್ಲಿ ಶುರುವಾದ ಡಿಜಿ ಯಾತ್ರಾದಲ್ಲಿ ಮುಖವೇ ಗುರುತಿನ ಚೀಟಿ. ಫೋನಿನಲ್ಲಿ ನೋಂದಾಯಿಸಿಕೊಂಡ ಮಗ ಒಂದು ಬಾಗಿಲಿನಿಂದ ಸರಾಗವಾಗಿ ಒಳಗೆ ಹೋಗುತ್ತಾನೆ, ಸ್ಮಾರ್ಟ್‌ಫೋನ್ ಇಲ್ಲದ ತಾಯಿ ಇನ್ನೊಂದು ಸಾಲಿನಲ್ಲಿ ನಿಲ್ಲುತ್ತಾಳೆ. ತಪಾಸಣೆಯಲ್ಲಿ ಹೆಂಗಸರಿಗೆ ಪರದೆಯ ಕೋಣೆ ಬೇರೆ. ಅಲ್ಲಿ ಕೇಳುವ ಪ್ರಶ್ನೆ ಹೆಚ್ಚಾಗಿ ಹಿಂದಿಯಲ್ಲಿ. ಬೆಂಗಳೂರಿನಲ್ಲಿ ಎರಡನೆಯ ಟರ್ಮಿನಲ್ ಬಂದ ಮೇಲೆ ಬೇರೆ ಬೇರೆ ಕಂಪನಿಯ ಟಿಕೆಟ್ ತೆಗೆಸಿಕೊಂಡ ಒಂದೇ ಊರಿನವರು ಬೇರೆ ಬೇರೆ ಕಟ್ಟಡಗಳಲ್ಲಿ ಇಳಿದು ಒಬ್ಬರನ್ನೊಬ್ಬರು ಹುಡುಕುತ್ತಾರೆ. ಗಟ್ಟಿಮುಟ್ಟಾಗಿರುವ ತಾಯಂದಿರಿಗೂ ಮಕ್ಕಳು ಗಾಲಿಕುರ್ಚಿ ಬರೆಸುವುದನ್ನು ಕೆಲವರು ಆಡಿಕೊಳ್ಳುತ್ತಾರೆ. ಅವರು ಬರೆಸುವುದು ಕಾಲಿಗಲ್ಲ, ಭಾಷೆಗೆ. ಕುರ್ಚಿ ತಳ್ಳುವವನಾದರೂ ಅವಳನ್ನು ಸರಿಯಾದ ಬಾಗಿಲಿಗೆ ಮುಟ್ಟಿಸುತ್ತಾನಲ್ಲ ಎಂಬ ಒಂದೇ ಕಾರಣಕ್ಕೆ.

ಲೆಕ್ಕ ತಪ್ಪಿದರೆ ಎಷ್ಟು ದೂರ ಹೋಗುತ್ತದೆ ಎಂಬುದನ್ನು ನಮ್ಮ ಬೆಂಗಳೂರೇ ತೋರಿಸಿದೆ. 2023ರ ಜನವರಿ 9ರ ಮುಂಜಾನೆ ಕೆಂಪೇಗೌಡ ನಿಲ್ದಾಣದಿಂದ ದೆಹಲಿಗೆ ಹೊರಟ ಗೋ ಫಸ್ಟ್ ಸಂಸ್ಥೆಯ ಜಿ8-116 ವಿಮಾನ 55 ಪ್ರಯಾಣಿಕರನ್ನು ಬಿಟ್ಟು ಹಾರಿತು. ಅವರೆಲ್ಲ ಚೆಕ್-ಇನ್ ಮುಗಿಸಿ, ತಪಾಸಣೆ ಮುಗಿಸಿ, ಬೋರ್ಡಿಂಗ್ ಪಾಸ್ ಕೈಯಲ್ಲಿ ಹಿಡಿದು, ವಿಮಾನದ ಬಳಿಗೆ ಕರೆದೊಯ್ಯುವ ಬಸ್ಸಿನಲ್ಲಿ ಕುಳಿತಿದ್ದರು. ಅವರ ಪೆಟ್ಟಿಗೆಗಳು ವಿಮಾನದಲ್ಲಿದ್ದವು. ಟರ್ಮಿನಲ್ ಸಂಯೋಜಕರು, ಕೌಂಟರಿನ ಸಿಬ್ಬಂದಿ ಮತ್ತು ವಿಮಾನದ ಸಿಬ್ಬಂದಿಯ ನಡುವೆ ಮಾಹಿತಿ ಹೋಗಿಬರಲಿಲ್ಲ, ಹತ್ತಿದವರ ಸಂಖ್ಯೆಯನ್ನು ತಾಳೆ ನೋಡಲಿಲ್ಲ ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಹೇಳಿತು. ಅದೇ ತಿಂಗಳ 27ರಂದು 10 ಲಕ್ಷ ರೂಪಾಯಿ ದಂಡ ಹಾಕಿತು. ಅದೇ ಜನವರಿ 30ರಂದು ದೆಹಲಿಯಲ್ಲಿ ಪಟ್ನಾಕ್ಕೆ ಹೋಗಬೇಕಾದ ಪ್ರಯಾಣಿಕನೊಬ್ಬ ಇಂಡಿಗೋದ ಉದಯಪುರ ವಿಮಾನ ಹತ್ತಿ ಉದಯಪುರದಲ್ಲಿ ಇಳಿದ. ಅಮೆರಿಕದಲ್ಲಿ 2023ರ ಡಿಸೆಂಬರ್ 21ರಂದು ಅಜ್ಜಿಯ ಮನೆಗೆ ಒಂಟಿಯಾಗಿ ಹೊರಟಿದ್ದ ಆರು ವರ್ಷದ ಹುಡುಗನನ್ನು ಸ್ಪಿರಿಟ್ ಏರ್‌ಲೈನ್ಸ್ ಫೋರ್ಟ್ ಮೈಯರ್ಸ್ ಬದಲು ಒರ್ಲ್ಯಾಂಡೊ ವಿಮಾನಕ್ಕೆ ಹತ್ತಿಸಿತು. ಅಜ್ಜಿ ಕಾಯುತ್ತಿದ್ದ ನಿಲ್ದಾಣದಲ್ಲಿ ಅವನು ಇಳಿಯಲಿಲ್ಲ.

ಆ 55 ಜನರ ಪ್ರಕರಣದಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಅವರ ಪೆಟ್ಟಿಗೆಗಳು. ಮಾಲೀಕನಿಲ್ಲದೆ ಪೆಟ್ಟಿಗೆ ಹಾರಬಾರದು ಎಂಬುದು ವಿಮಾನಯಾನದ ದೊಡ್ಡ ನಿಯಮಗಳಲ್ಲಿ ಒಂದು. ಅದರ ಹಿಂದೆ ಭಾರತದ ದುಃಖವಿದೆ. 1985ರ ಜೂನ್‌ನಲ್ಲಿ ಕೆನಡಾದ ವ್ಯಾಂಕೂವರ್ ನಿಲ್ದಾಣದ ಚೆಕ್-ಇನ್ ಕೌಂಟರಿಗೆ ಎಂ. ಸಿಂಗ್ ಎಂಬ ಹೆಸರಿನಲ್ಲಿ ಟಿಕೆಟ್ ಇದ್ದವನು ಬಂದ. ಮುಂದಿನ ಏರ್ ಇಂಡಿಯಾ ವಿಮಾನದಲ್ಲಿ ಅವನ ಸೀಟು ಖಚಿತವಾಗಿರಲಿಲ್ಲ. ಆದರೂ ಪೆಟ್ಟಿಗೆಯನ್ನು ನೇರವಾಗಿ ಅಲ್ಲಿಗೇ ಕಳಿಸಬೇಕೆಂದು ಹಟ ಹಿಡಿದ. ಹಿಂದೆ ಉದ್ದ ಸಾಲಿತ್ತು, ಸಿಬ್ಬಂದಿ ಒಪ್ಪಿಕೊಂಡರು. ಪೆಟ್ಟಿಗೆ ಹೋಯಿತು, ಅವನು ಹತ್ತಲಿಲ್ಲ. ಜೂನ್ 23ರಂದು ಕನಿಷ್ಕ ಎಂಬ ಆ ಏರ್ ಇಂಡಿಯಾ ವಿಮಾನ ಐರ್ಲೆಂಡಿನ ಕರಾವಳಿಯ ಆಚೆ ಸ್ಫೋಟಗೊಂಡು 329 ಜನ ಸತ್ತರು. ಮನುಷ್ಯ ಮತ್ತು ಅವನ ಪೆಟ್ಟಿಗೆ ಬೇರೆಯಾಗಬಾರದು ಎಂಬುದನ್ನು ಜಗತ್ತು ಇಷ್ಟು ದೊಡ್ಡ ಬೆಲೆ ಕೊಟ್ಟು ಕಲಿತಿದೆ. ಇವತ್ತು ಒಬ್ಬ ಪ್ರಯಾಣಿಕ ಗೇಟಿಗೆ ಬರದಿದ್ದರೆ ಅವನ ಪೆಟ್ಟಿಗೆಯನ್ನು ಹುಡುಕಿ ಕೆಳಗಿಳಿಸುತ್ತಾರೆ.

ಮಗು ಮತ್ತು ತಾಯಿ ಬೇರೆಯಾಗಬಾರದು ಎಂದು ನಮ್ಮ ದೇಶದಲ್ಲಿ ಸ್ಪಷ್ಟವಾಗಿ ಬರೆದದ್ದು ಯಾವಾಗ? 2024ರ ಏಪ್ರಿಲ್‌ನಲ್ಲಿ. ಪುಟ್ಟ ಮಕ್ಕಳನ್ನು ಹೆತ್ತವರಿಂದ ದೂರ ಕೂರಿಸಿದ ಘಟನೆಗಳು ಗಮನಕ್ಕೆ ಬಂದ ಮೇಲೆ ಡಿಜಿಸಿಎ ಆದೇಶ ಹೊರಡಿಸಿತು. 12 ವರ್ಷದವರೆಗಿನ ಮಕ್ಕಳಿಗೆ, ಅದೇ ಪಿಎನ್‌ಆರ್‌ನಲ್ಲಿ ಪ್ರಯಾಣಿಸುವ ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಜೊತೆಯಾದರೂ ಸೀಟು ಕೊಡಲೇಬೇಕು, ಅದರ ದಾಖಲೆ ಇಡಬೇಕು ಎಂದಿತು. ಒಳ್ಳೆಯ ಆದೇಶ. ಆದರೆ ‘ಅದೇ ಪಿಎನ್‌ಆರ್’ ಎಂಬ ಮಾತನ್ನು ಇನ್ನೊಮ್ಮೆ ಓದಿ. ನಾಲ್ಕು ಮತ್ತು ಎರಡು ಎಂದು ಒಡೆದ ಟಿಕೆಟಿನಲ್ಲಿ ಮಗು ಒಂದು ಕಡೆ, ತಾಯಿ ಇನ್ನೊಂದು ಕಡೆ ಹೋಗಿದ್ದರೆ ಈ ಆದೇಶದ ಬಲ ಅವರಿಗೆ ಇಲ್ಲ. ಹನ್ನೆರಡು ದಾಟಿದವರ ಬಗ್ಗೆ ಅದು ಮಾತಾಡುವುದಿಲ್ಲ. ಅಕ್ಷರ ಬಾರದ, ಬೇರೆ ಭಾಷೆ ಬಾರದ ಎಪ್ಪತ್ತರ ಅಜ್ಜಿಯ ಬಗ್ಗೆಯೂ ಮಾತಾಡುವುದಿಲ್ಲ. ಹತ್ತು ವರ್ಷದ ಹುಡುಗ ಗಗನಸಖಿಯನ್ನು ಇಂಗ್ಲಿಷಿನಲ್ಲಿ ನೀರು ಕೇಳಬಲ್ಲ. ನನ್ನ ಚಿಗವ್ವ ಕೇಳಲಾರಳು.

ಇದು ಸೌಕರ್ಯದ ಮಾತಷ್ಟೇ ಅಲ್ಲ, ಸುರಕ್ಷತೆಯದೂ ಹೌದು. ಅವಘಡದಲ್ಲಿ ವಿಮಾನವನ್ನು ಬೇಗ ಖಾಲಿ ಮಾಡಬೇಕಾದಾಗ ಬೇರೆ ಕಡೆ ಕೂತ ಮನೆಯವರು ಒಬ್ಬರನ್ನೊಬ್ಬರು ಹುಡುಕಿಕೊಂಡು ಜನರ ಹರಿವಿಗೆ ಎದುರಾಗಿ ನಡೆಯುತ್ತಾರೆ ಎಂಬ ಕಾರಣಕ್ಕೇ, ಮಕ್ಕಳು ಹೆತ್ತವರಿಂದ ಒಂದು ಸಾಲು ಅಥವಾ ಒಂದು ನಡೆದಾರಿಗಿಂತ ದೂರ ಇರಬಾರದು ಎಂದು ಬ್ರಿಟನ್ನಿನ ಪ್ರಾಧಿಕಾರ ಮಾರ್ಗಸೂಚಿ ಕೊಟ್ಟಿದೆ. ಸುರಕ್ಷತಾ ಸೂಚನೆ ಅರ್ಥವಾಗದ ಮುದುಕಿಗೆ ಅದನ್ನು ಹೇಳುವ ಒಬ್ಬನೇ ವ್ಯಕ್ತಿ ಹದಿನೇಳು ಸಾಲು ಹಿಂದೆ ಕೂತಿದ್ದರೆ ಆ ಸೂಚನೆ ಕೊಟ್ಟೂ ಕೊಡದಂತೆ. 2016ರ ಡಿಸೆಂಬರಿನಲ್ಲಿ ವಿಮಾನ ನಿಲ್ದಾಣಗಳ ಪ್ರಕಟಣೆ ಮೊದಲು ಸ್ಥಳೀಯ ಭಾಷೆಯಲ್ಲಿ ಆಗಬೇಕೆಂದು ಸೂಚನೆ ಹೋಗಿತ್ತು. ಆದರೆ ಮುಂಬೈ, ಚೆನ್ನೈಯಂಥ ನಿಲ್ದಾಣಗಳು ಪ್ರಕಟಣೆಯನ್ನೇ ಬಹುಪಾಲು ನಿಲ್ಲಿಸಿ ನಿಶ್ಶಬ್ದವಾದವು. ಓದಲು ಬಾರದವರಿಗೆ ಕಿವಿಯೂ ಇಲ್ಲದಂತಾಯಿತು.

ವಿಮಾನ ರದ್ದಾದಾಗ ಈ ಎರಡು ಪಿಎನ್‌ಆರ್‌ಗಳ ಕಷ್ಟ ಇನ್ನೂ ಹೆಚ್ಚುತ್ತದೆ. ಬದಲಿ ವಿಮಾನ ಕೊಡುವಾಗ ಕಂಪ್ಯೂಟರು ಒಂದೊಂದು ದಾಖಲೆಯನ್ನು ಬೇರೆಯಾಗಿಯೇ ನೋಡುತ್ತದೆ. ಅಪ್ಪ ಇವತ್ತು ಸಂಜೆಗೆ, ಅವ್ವ ನಾಳೆ ಬೆಳಿಗ್ಗೆಗೆ. 2025ರ ಡಿಸೆಂಬರ್ ಮೊದಲ ವಾರ ಇಂಡಿಗೋ ವಿಮಾನಗಳು ದೇಶದಾದ್ಯಂತ ಸಾವಿರಗಟ್ಟಲೆ ರದ್ದಾದಾಗ ನಮ್ಮ ಹುಬ್ಬಳ್ಳಿಯಲ್ಲೇ ಒಂದು ಆರತಕ್ಷತೆ ನಡೆಯಿತು. ವಧುವರರು ಭುವನೇಶ್ವರದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಹುಬ್ಬಳ್ಳಿಯ ವೇದಿಕೆಯಲ್ಲಿ ಅವರು ಕೂರಬೇಕಾದ ಕುರ್ಚಿಗಳಲ್ಲಿ ಹೆಣ್ಣಿನ ತಂದೆತಾಯಿ ಕುಳಿತರು. ಮದುವೆಯ ಉಡುಗೆ ತೊಟ್ಟ ಮಕ್ಕಳು ಪರದೆಯ ಮೇಲೆ ಕಾಣಿಸಿಕೊಂಡು ಬಂದವರಿಗೆ ಕೈ ಮುಗಿದರು.

ವಿಮಾನ ತುಂಬಿ ಟಿಕೆಟ್ ಇದ್ದವರನ್ನು ಬಿಟ್ಟು ಹೋದರೆ ಏನು ಕೊಡಬೇಕೆಂದು ನಿಯಮ ಇದೆ. ಮೊದಲು ಸ್ವಂತ ಇಚ್ಛೆಯಿಂದ ಇಳಿಯುವವರು ಇದ್ದಾರೆಯೇ ಎಂದು ಕೇಳಬೇಕು. ಒಂದು ಗಂಟೆಯೊಳಗೆ ಬೇರೆ ವಿಮಾನ ಕೊಟ್ಟರೆ ಪರಿಹಾರ ಇಲ್ಲ. 24 ಗಂಟೆಯೊಳಗಾದರೆ 10,000 ರೂಪಾಯಿಯವರೆಗೆ, ಅದನ್ನು ಮೀರಿದರೆ 20,000 ರೂಪಾಯಿಯವರೆಗೆ. ಇದನ್ನು ಪಾಲಿಸಲಿಲ್ಲ ಎಂದು 2022ರ ಜೂನ್‌ನಲ್ಲಿ ಏರ್ ಇಂಡಿಯಾಕ್ಕೆ 10 ಲಕ್ಷ ದಂಡ ಬಿತ್ತು. ತಪಾಸಣೆ ನಡೆದ ನಿಲ್ದಾಣಗಳಲ್ಲಿ ಬೆಂಗಳೂರೂ ಇತ್ತು. ಬಿಟ್ಟುಹೋದ ಸೀಟಿಗೆ ಹೀಗೆ ಬೆಲೆ ಗೊತ್ತಾಗಿದೆ. ಕಳೆದುಹೋದ ಜೊತೆಗೆ ಬೆಲೆ ಗೊತ್ತಾಗಿಲ್ಲ.

ಬೇಕೆಂದರೆ ದಾರಿ ಇದೆ. ದೊಡ್ಡ ಸಂಸ್ಥೆಗಳು ಬಳಸುವ ಹಳೆಯ ಬುಕಿಂಗ್ ವ್ಯವಸ್ಥೆಗಳಲ್ಲಿ ‘ಟಿಸಿಪಿ’ ಎಂಬ ಮೂರಕ್ಷರದ ಗುರುತೊಂದಿದೆ. ಈ ಟಿಕೆಟಿನವರೂ ಆ ಟಿಕೆಟಿನವರೂ ಒಂದೇ ತಂಡ ಎಂದು ತಿಳಿಸುವ ಟಿಪ್ಪಣಿ ಅದು. ಅಂದರೆ ಕಂಪ್ಯೂಟರಿನ ಲೋಕದಲ್ಲೂ ಟವೆಲ್ಲು ಇದೆ, ಹಾಕುವವರು ಬೇಕು. ಒಂಬತ್ತರ ಮಿತಿಯಿಂದ ಟಿಕೆಟ್ ಒಡೆದಾಗ ಈ ಜೋಡಣೆಯನ್ನು ತಾನಾಗಿ ಮಾಡುವುದು ತಂತ್ರಜ್ಞಾನಕ್ಕೆ ಕಷ್ಟದ ಕೆಲಸವೇನಲ್ಲ. ಪೆಟ್ಟಿಗೆಗೂ ಮಾಲೀಕನಿಗೂ ಗಂಟು ಹಾಕಿ ಜಗತ್ತಿನ ಆಚೆ ತುದಿಯವರೆಗೆ ಹಿಂಬಾಲಿಸಬಲ್ಲ ವ್ಯವಸ್ಥೆ, ಚಿಗವ್ವನಿಗೂ ಅವಳ ಮನೆಯವರಿಗೂ ಒಂದು ಗಂಟು ಹಾಕಲಾರದೇ?

ಡಿಜಿಸಿಎ ತನ್ನ 2024ರ ಆದೇಶಕ್ಕೆ ಎರಡು ಮಾತು ಸೇರಿಸಲಿ. ಸಹಾಯ ಬೇಕು ಎಂದು ಬರೆಸಿದ ಹಿರಿಯರಿಗೂ ಜೊತೆಗಾರರ ಪಕ್ಕದ ಸೀಟು ಹಣವಿಲ್ಲದೆ ಸಿಗಲಿ. ಪಿಎನ್‌ಆರ್ ಬೇರೆಯಾಗಿದ್ದರೂ ಒಂದೇ ಮನೆಯವರು ಎಂದು ಮೊದಲೇ ತಿಳಿಸಿದರೆ ಅದನ್ನು ಒಪ್ಪಿಕೊಳ್ಳಲಿ.

ಅಲ್ಲಿಯವರೆಗೆ ನಮ್ಮ ಹಿರೇಕೆರೂರು, ಹಾನಗಲ್ಲ, ಶಿಗ್ಗಾಂವಿ, ಸವಣೂರು ಕಡೆಯ ಟಿಕೆಟ್ ಅಂಗಡಿಯವರಲ್ಲಿ ಒಂದು ವಿನಂತಿ. ಟಿಕೆಟ್ ಒಡೆಯುವ ಮುನ್ನ ಒಡೆಯುತ್ತಿದ್ದೇನೆ ಎಂದು ಹೇಳಿ. ಒಡೆಯಲೇಬೇಕಾದರೆ ಅಜ್ಜಿಯ ಹೆಸರನ್ನೂ ಮಗುವಿನ ಹೆಸರನ್ನೂ ಓದು ಬರುವವರೊಬ್ಬರ ಜೊತೆ ಒಂದೇ ಪಿಎನ್‌ಆರ್‌ನಲ್ಲಿ ಹಾಕಿ. ಪ್ರಯಾಣಿಕರಲ್ಲಿ ಇನ್ನೊಂದು. ಟಿಕೆಟ್ ಕೈಗೆ ಬಂದಾಗ ದರ ನೋಡುವ ಮೊದಲು ಆ ಆರು ಅಕ್ಷರ ಎಲ್ಲರದೂ ಒಂದೇ ಇದೆಯೇ ನೋಡಿ. ಎರಡಿದ್ದರೆ ಚೆಕ್-ಇನ್ ತೆರೆದೊಡನೆ ಎರಡನ್ನೂ ಒಂದೇ ಹೊತ್ತಿಗೆ ಮಾಡಿ, ಕೌಂಟರಿನಲ್ಲಿ ಎರಡನ್ನೂ ಒಟ್ಟಿಗೆ ಮುಂದಿಡಿ. ಹೊರಡುವ ದಿನ ಬೆಳಿಗ್ಗೆ ಒಂದು ಹಾಳೆಯ ಮೇಲೆ ವಿಮಾನದ ನಂಬರು, ಜೊತೆಗಿರುವವರ ಹೆಸರು, ಸೀಟು, ಫೋನ್ ನಂಬರು ಇಂಗ್ಲಿಷಿನಲ್ಲಿ ಬರೆದು ಅವ್ವನ ಎಲೆಅಡಿಕೆ ಚೀಲದಲ್ಲಿ ಇಡಿ, ಮತ್ತು ಅದು ಅಲ್ಲಿದೆ ಎಂದು ಅವಳಿಗೆ ಹೇಳಿ.